ಪೋಡಿನ ಹಿರಿಯರನ್ನು ತರಗತಿಗೆ ಕರೆಯುವ ಮುನ್ನ: ಸೋಲಿಗ ಸಂಸ್ಕೃತಿ ದಿನದ ಸಿದ್ಧತೆ

ಆಗಸ್ಟ್ 9ರ ವಿಶ್ವ ಆದಿವಾಸಿ ದಿನ ಬಂತೆಂದರೆ ಮಕ್ಕಳ ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಬಣ್ಣ ಬಳಿದು ವೇದಿಕೆಗೆ ಹತ್ತಿಸುವ ಶಾಲೆಗಳಿವೆ. ಬಿಳಿಗಿರಿರಂಗನ ಬೆಟ್ಟದ ಆಸುಪಾಸಿನ ಶಾಲೆಯಲ್ಲಿ, ಅದೇ ತರಗತಿಯಲ್ಲಿ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಮಗುವೂ ಕುಳಿತಿರುವಾಗ, ಈ ವೇಷ ಆ ಮಗುವಿಗೆ ತನ್ನ ಅಜ್ಜ ಅಜ್ಜಿಯರ ಅಣಕವಾಗಿಯೇ ಕಾಣುತ್ತದೆ. ವೇಷವನ್ನು ಮೊದಲೇ ಕೈಬಿಟ್ಟು, ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ತೀರ್ಮಾನವನ್ನು ಪೋಡಿನವರಿಗೇ, ಅಂದರೆ ಸೋಲಿಗರ ಹಾಡಿಯವರಿಗೇ, ಬಿಡಬೇಕು.

ಕನಿಷ್ಠ ಒಂದು ತಿಂಗಳ ಮೊದಲು ಶಿಕ್ಷಕರು ಹತ್ತಿರದ ಪೋಡಿಗೆ ಹೋಗಿ ಯಜಮಾನರನ್ನೂ, ಪೂಜೆಯ ಹೊಣೆ ಹೊತ್ತ ತಮ್ಮಡಿಯನ್ನೂ ಕಾಣುವುದು ಮೊದಲ ಕೆಲಸ. ಕಾರ್ಯಕ್ರಮದ ಪಟ್ಟಿಯನ್ನು ಸಿದ್ಧಪಡಿಸಿಕೊಂಡು ಒಪ್ಪಿಗೆ ಕೇಳಲು ಹೋಗಬೇಡಿ. ಬರಿಗೈಯಲ್ಲಿ ಹೋಗಿ, ಮಕ್ಕಳಿಗೆ ಏನು ಹೇಳಿಕೊಡಲು ಇಷ್ಟಪಡುತ್ತೀರಿ ಎಂದು ಕೇಳಿ. ರೊಟ್ಟಿಹಬ್ಬದಂತಹ ಆಚರಣೆಯು ರಾಗಿಯ ಸುಗ್ಗಿಗೆ ಸೇರಿದ್ದು. ಶಾಲೆಯ ಅನುಕೂಲಕ್ಕೆಂದು ಅದನ್ನು ಆಗಸ್ಟ್‌ನಲ್ಲಿ ವೇದಿಕೆಯ ಮೇಲೆ ಮಾಡಿಸುವುದಕ್ಕಿಂತ, ಸುಗ್ಗಿಯ ನಂತರ ಅವರು ಕರೆದರೆ ಮಕ್ಕಳೊಂದಿಗೆ ಅಲ್ಲಿಗೇ ಹೋಗುವುದು ಲೇಸು. ದಾರಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾದುಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆದಿರಬೇಕು.

ತರಗತಿಯ ಕೆಲಸಕ್ಕೆ ಜೇನಿನಷ್ಟು ಒಳ್ಳೆಯ ವಿಷಯ ಇನ್ನೊಂದಿಲ್ಲ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಎಂಬ ನಾಲ್ಕು ಬಗೆಗಳನ್ನು ಸೋಲಿಗರು ಗೂಡಿನ ಜಾಗ, ಹುಳದ ಗಾತ್ರ ಮತ್ತು ತುಪ್ಪದ ರುಚಿಯಿಂದ ಗುರುತಿಸುತ್ತಾರೆ. ಜೇನು ಕೊಯ್ದು ಅನುಭವವಿರುವ ಹಿರಿಯರೊಬ್ಬರು ಮಾತನಾಡಲಿ, ಮಕ್ಕಳು ನಾಲ್ಕು ಗುಂಪುಗಳಾಗಿ ಒಂದೊಂದು ಜೇನಿನ ಚಿತ್ರ ಬರೆದು, ಅದು ಯಾವ ಹೂವಿನ ಕಾಲದಲ್ಲಿ ಗೂಡು ಕಟ್ಟುತ್ತದೆ ಎಂಬುದನ್ನು ಕೇಳಿ ದಾಖಲಿಸಲಿ. ವಿಜ್ಞಾನದ ಪಾಠವೂ ಇಲ್ಲಿಯೇ ಮುಗಿಯುತ್ತದೆ, ಅದೂ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ.

ಎರಡನೆಯದು ಕಾಡಿನ ತಾಣಗಳ ನಕ್ಷೆ. ಸೋಲಿಗರ ಪ್ರತಿಯೊಂದು ಎಲ್ಲೆಯಲ್ಲೂ (ಒಂದು ಕುಲಕ್ಕೆ ಸೇರಿದ ಪಾರಂಪರಿಕ ಕಾಡಿನ ಪ್ರದೇಶ) ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ತಾಣಗಳಿರುತ್ತವೆ; ಪೂರ್ವಿಕರ ನೆನಪಿನ ಕಲ್ಲುಗಳಿಂದ ಹಿಡಿದು ನೀರಿನ ತೊರೆಯವರೆಗೆ ಎಲ್ಲವೂ ಇದರಲ್ಲಿ ಸೇರಿವೆ. ಸೋಲಿಗರು ಪೂಜಿಸುವ ದೊಡ್ಡಸಂಪಿಗೆ ಮರವನ್ನು ಎಲ್ಲರೂ ಬಲ್ಲರು, ಆದರೆ ಉಳಿದ ತಾಣಗಳಲ್ಲಿ ಯಾವುದರ ಹೆಸರನ್ನು ಗೋಡೆಯ ಮೇಲೆ ಬರೆಯಬಹುದೆಂದು ತಮ್ಮಡಿಯನ್ನು ಕೇಳಿಯೇ ಬರೆಯಬೇಕು. ಮೇಲಿನ ತರಗತಿಯವರಾದರೆ, 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತದ್ದನ್ನೂ ಇದೇ ನಕ್ಷೆಯ ಎದುರು ವಿವರಿಸಬಹುದು. ಸಂಸ್ಕೃತಿಯೆಂದರೆ ಕುಣಿತ ಮಾತ್ರವೆಂಬ ತಪ್ಪು ತಿಳಿವಳಿಕೆ ಆಗ ಸ್ವಲ್ಪವಾದರೂ ಸಡಿಲಗೊಳ್ಳುತ್ತದೆ.

ಕುಣಿತ ಬೇಡವೆಂದಲ್ಲ. ಸೋಲಿಗರು ಕುಣಿಯುತ್ತ ಹಾಡುವ ಗೊರುಕಾನ ಹಾಡನ್ನು ಕಲಿಸಲು ಪೋಡಿನವರು ಒಪ್ಪಿದರೆ, ಧ್ವನಿಮುದ್ರಿಕೆ ಹಾಕಿ ಹೆಜ್ಜೆ ಕಲಿಸುವ ಬದಲು ಅವರೇ ಬಂದು ಕಲಿಸಲಿ. ಸೋಲಿಗ ನುಡಿಯ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವಾಗ ಉಚ್ಚಾರವನ್ನು ಶಿಷ್ಟ ಕನ್ನಡಕ್ಕೆ ತಿದ್ದಬಾರದು. ಚಿಕ್ಕ ಮಕ್ಕಳಿಗೆ, ಬೆಟ್ಟದ ದೇವರಾದ ರಂಗಸ್ವಾಮಿಯು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಅವರಿಗೆಲ್ಲ ಭಾವನಾದ ಕಥೆಯನ್ನು ಅಜ್ಜಿಯೊಬ್ಬರ ಬಾಯಿಂದ ಕೇಳಿಸಿದರೆ ಸಾಕು. ತರಗತಿಯಲ್ಲಿರುವ ಸೋಲಿಗ ಮಗುವನ್ನು ಎದ್ದು ನಿಲ್ಲಿಸಿ ‘ನಿಮ್ಮವರ ಬಗ್ಗೆ ಹೇಳು’ ಎಂದು ಒತ್ತಾಯಿಸಬಾರದು. ತಾನಾಗಿ ಹೇಳಬಯಸಿದರೆ ಅವಕಾಶವಿರಲಿ.

ಬಂದವರಿಗೆ ಹಾರ ಶಾಲುಗಳ ಜೊತೆಗೆ ಪ್ರಯಾಣವೆಚ್ಚವನ್ನೂ ಒಂದು ದಿನದ ಕೂಲಿಗೆ ಕಡಿಮೆಯಿಲ್ಲದ ಗೌರವಧನವನ್ನೂ ಕೊಡಬೇಕು, ಏಕೆಂದರೆ ಅವರು ಆ ದಿನದ ದುಡಿಮೆಯನ್ನು ಬಿಟ್ಟು ಬಂದಿರುತ್ತಾರೆ. ಫೋಟೊ ಮತ್ತು ವಿಡಿಯೊಗಳಿಗೆ ಮೊದಲೇ ಒಪ್ಪಿಗೆ ಪಡೆಯಿರಿ. ಮಕ್ಕಳು ಬರೆದ ಜೇನಿನ ಪುಸ್ತಕ ಮತ್ತು ನಕ್ಷೆಯ ಒಂದು ಪ್ರತಿಯನ್ನು ವಾರದೊಳಗೆ ಪೋಡಿಗೆ ಕೊಂಡೊಯ್ದು ಓದಿ ತೋರಿಸಿ, ಹಿರಿಯರು ಹೇಳುವ ತಿದ್ದುಪಡಿಗಳನ್ನು ಶಾಲೆಯ ಪ್ರತಿಯಲ್ಲಿಯೂ ಮಾಡಿಕೊಳ್ಳಿ.