ಸ್ಕಾಟ್ಲೆಂಡಿಗೆ ಬರುವ ಉತ್ತರ ಕನ್ನಡದವರಿಗೆ: ವಿಂಡ್ ಫಾರ್ಮ್ ಆದಾಯದಿಂದ ಊರಿಗೆ ಸಿಗುವ ಅನುದಾನ

ಕಾರವಾರ, ಅಂಕೋಲಾ, ಕುಮಟಾ, ಶಿರಸಿಯ ಕಡೆಯಿಂದ ಸ್ಕಾಟ್ಲೆಂಡಿಗೆ ಬರುವವರೆಲ್ಲ ಗ್ಲಾಸ್ಗೋ, ಎಡಿನ್‌ಬರೋಗಳಲ್ಲೇ ಉಳಿಯುವುದಿಲ್ಲ. ಆಸ್ಪತ್ರೆಯ ನರ್ಸ್ ಕೆಲಸಕ್ಕೋ, 2025ರವರೆಗೆ ವೃದ್ಧರ ಆರೈಕೆಯ ಕೆಲಸಕ್ಕೋ ಬಂದವರು ಐರ್‌ಶೈರ್, ಹೈಲ್ಯಾಂಡ್ಸ್, ಶೆಟ್‌ಲ್ಯಾಂಡ್ ಕಡೆಯ ಸಣ್ಣ ಊರುಗಳಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಅಂಥ ಊರಿನ ಹತ್ತಿರದ ಗುಡ್ಡದಲ್ಲಿ ವಿಂಡ್ ಫಾರ್ಮ್ (ಗಾಳಿಯಿಂದ ವಿದ್ಯುತ್ ತಯಾರಿಸುವ ಯಂತ್ರಗಳ ಸಮೂಹ) ಇದ್ದರೆ, ಅದನ್ನು ನಡೆಸುವ ಕಂಪನಿ ಪ್ರತಿವರ್ಷ ಊರಿನ ಕೆಲಸಗಳಿಗೆಂದು ಒಂದಷ್ಟು ಹಣ ಕೊಡುತ್ತಿರುತ್ತದೆ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ. ತಿಳಿದವರೂ ಅದು ಇಲ್ಲಿಯ ಮೂಲನಿವಾಸಿಗಳ ಹಣ, ಹೊರಗಿನಿಂದ ಬಂದ ನಾವು ಕೇಳಬಾರದು ಎಂದು ಹಿಂದೆ ಸರಿಯುತ್ತಾರೆ. ಆ ಹಿಂಜರಿಕೆಗೆ ಕಾರಣವಿಲ್ಲ. ಆ ನಿಧಿ ಆ ಪ್ರದೇಶದಲ್ಲಿ ವಾಸವಾಗಿರುವ ಎಲ್ಲರಿಗಾಗಿ ಇರುವಂಥದ್ದು, ಮತ್ತು ಮನೆ ಹಿಡಿದ ದಿನದಿಂದ ನೀವೂ ಆ ಊರಿನವರೇ.

ಕೈಗಾ, ಕದ್ರಾ, ಸೂಪಾಗಳನ್ನು ಕಂಡು ಬೆಳೆದ ನಮಗೆ ವಿದ್ಯುತ್ ಯೋಜನೆ ಎಂದೊಡನೆ ಭೂಸ್ವಾಧೀನ, ಪರಿಹಾರ, ಪುನರ್ವಸತಿ ಎಂಬ ಮಾತುಗಳೇ ನೆನಪಾಗುತ್ತವೆ. ಇಲ್ಲಿಯ ನಿಧಿ ಪರಿಹಾರವಲ್ಲ. ನಮ್ಮ ದೇಶದ 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡುವ ಸಿಎಸ್‌ಆರ್ ಕೂಡ ಅಲ್ಲ. ಇದನ್ನು ಕಡ್ಡಾಯ ಮಾಡುವ ಕಾನೂನಿಲ್ಲ. ನೆಲದ ಮೇಲಿನ ವಿಂಡ್ ಫಾರ್ಮ್‌ಗಳು ಸ್ಥಾಪಿತ ಸಾಮರ್ಥ್ಯದ ಪ್ರತಿ ಮೆಗಾವಾಟ್‌ಗೆ ವರ್ಷಕ್ಕೆ 5,000 ಪೌಂಡ್‌ಗಳನ್ನು, ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ, ಯೋಜನೆ ನಡೆಯುವಷ್ಟು ಕಾಲ ಕೊಡಬೇಕೆಂದು ಸ್ಕಾಟ್ಲೆಂಡ್ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಅದರಂತೆ 50 ಮೆಗಾವಾಟ್‌ನ ಒಂದು ಫಾರ್ಮ್‌ನಿಂದ ವರ್ಷಕ್ಕೆ ಎರಡೂವರೆ ಲಕ್ಷ ಪೌಂಡ್ ಬರುತ್ತದೆ. ಶೆಟ್‌ಲ್ಯಾಂಡ್ ದ್ವೀಪದಲ್ಲಿ 2024ರಲ್ಲಿ ಕೆಲಸ ಆರಂಭಿಸಿದ 103 ಯಂತ್ರಗಳ ವೈಕಿಂಗ್ ಫಾರ್ಮ್‌ನ ಸಾಮರ್ಥ್ಯ 443 ಮೆಗಾವಾಟ್. ಅಲ್ಲಿಯ ಜನರ ನಿಧಿಗೆ ವರ್ಷಕ್ಕೆ ಸುಮಾರು 22 ಲಕ್ಷ ಪೌಂಡ್ ಸೇರುತ್ತದೆ. ಹಳೆಯ ಫಾರ್ಮ್‌ಗಳ ದರ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಪಶ್ಚಿಮ ಕರಾವಳಿಯ ಗೀಘಾ ದ್ವೀಪದಲ್ಲಿ ವ್ಯವಸ್ಥೆಯೇ ಬೇರೆ: 2002ರಲ್ಲಿ ದ್ವೀಪವನ್ನೇ ಕೊಂಡುಕೊಂಡ ನಿವಾಸಿಗಳು ಮುಂದೆ ಮೂರು ಗಾಳಿಯಂತ್ರಗಳನ್ನೂ ತಮ್ಮದಾಗಿ ಮಾಡಿಕೊಂಡರು, ಅಲ್ಲಿ ಗಳಿಕೆಯೂ ನಷ್ಟದ ಹೊಣೆಯೂ ಊರಿನದೇ.

ಮೊದಲು ತಿಳಿಯಬೇಕಾದದ್ದು ನಿಮ್ಮ ಮನೆ ಯಾವ ನಿಧಿಯ ಎಲ್ಲೆಯೊಳಗೆ ಬರುತ್ತದೆ ಎಂಬುದು. ಈ ಎಲ್ಲೆಯನ್ನು ಬಹಳಷ್ಟು ಕಡೆ ಕಮ್ಯುನಿಟಿ ಕೌನ್ಸಿಲ್‌ಗಳ ಗಡಿಯ ಮೇಲೆ ಗುರುತಿಸಿರುತ್ತಾರೆ. 1973ರ ಸ್ಥಳೀಯಾಡಳಿತ ಕಾಯ್ದೆಯಿಂದ ಹುಟ್ಟಿದ ಈ ಕೌನ್ಸಿಲ್‌ಗಳನ್ನು ನಮ್ಮ ಗ್ರಾಮ ಪಂಚಾಯತಿ ಎಂದು ತಿಳಿಯಬಾರದು. ಅವುಗಳಿಗೆ ತೆರಿಗೆ ಎತ್ತುವ ಅಧಿಕಾರವಿಲ್ಲ, ಸದಸ್ಯರಿಗೆ ಸಂಬಳವಿಲ್ಲ. ಆದರೆ ಊರಿನ ಅಗತ್ಯಗಳೇನು ಎಂಬ ಮಾತು ನಡೆಯುವುದು ಅಲ್ಲಿಯೇ. ಕೆಲವು ಕಡೆ ನಿಧಿಯನ್ನು ಕೌನ್ಸಿಲ್ ಅಥವಾ ಊರಿನ ಡೆವಲಪ್‌ಮೆಂಟ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಎಷ್ಟೋ ಕಡೆ ಫೌಂಡೇಶನ್ ಸ್ಕಾಟ್ಲೆಂಡ್ ಎಂಬ ಸಂಸ್ಥೆ ಹಣದ ಆಡಳಿತ ನಡೆಸುತ್ತದೆ, ಯಾರಿಗೆ ಕೊಡಬೇಕೆಂಬುದನ್ನು ಊರಿನವರ ಸಮಿತಿ ಪರಿಶೀಲಿಸುತ್ತದೆ.

ಆದ್ದರಿಂದ ಅರ್ಜಿಯ ನಮೂನೆಯನ್ನು ಹುಡುಕುವ ಮೊದಲು ಕೌನ್ಸಿಲ್ ಸಭೆಗೆ ಹೋಗಿ ಕುಳಿತುಕೊಳ್ಳಿ ಎಂದು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ. ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಹಿಂದಿನ ಸಭೆಗಳ ನಡಾವಳಿಯೂ ಓದಲು ಸಿಗುತ್ತದೆ. ವೀಸಾದ ಮೇಲೆ ಕಾನೂನುಬದ್ಧವಾಗಿ ವಾಸಿಸುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಅದನ್ನು ತಡಮಾಡದೆ ಮಾಡಿಸಿಕೊಳ್ಳಿ. ಸಭೆಯಲ್ಲಿ ಒಂದು ಎಚ್ಚರ ಇರಲಿ. ಗಾಳಿಯಂತ್ರಗಳನ್ನು ಮೊದಲಿನಿಂದ ವಿರೋಧಿಸಿದವರು ಅದೇ ಊರಿನಲ್ಲಿರುತ್ತಾರೆ, ಈ ಹಣವನ್ನು ಬಾಯಿ ಮುಚ್ಚಿಸುವ ಲಂಚವೆಂದು ಕರೆಯುವವರೂ ಇರುತ್ತಾರೆ. ಯೋಜನೆಗೆ ಅನುಮತಿ ಕೊಡುವಾಗ ಈ ನಿಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂಬ ನಿಯಮವಿದ್ದರೂ ಮನಸ್ತಾಪ ಉಳಿದಿರುತ್ತದೆ. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರೋಧವನ್ನೂ, ಮರಗಳನ್ನು ಅಪ್ಪಿಕೊಂಡು ಕಡಿಯದಂತೆ ತಡೆದ 1983ರ ಅಪ್ಪಿಕೋ ಚಳವಳಿಯನ್ನೂ ಕಂಡ ಶಿರಸಿ ಸೀಮೆಯವರಿಗೆ ಇಂಥ ಮನಸ್ತಾಪದ ಆಳವನ್ನು ಬಿಡಿಸಿ ಹೇಳಬೇಕಿಲ್ಲ.

ಹಣ ಬಹುಮಟ್ಟಿಗೆ ಸಂಘಗಳಿಗೆ ಸಿಗುತ್ತದೆ, ವ್ಯಕ್ತಿಗಳಿಗಲ್ಲ. ಕೆಲವು ನಿಧಿಗಳು ಯುವಕರ ಓದಿಗೋ ವೃತ್ತಿ ತರಬೇತಿಗೋ ನೇರ ನೆರವು ಕೊಡುತ್ತವೆ. ಸಂಘವೆಂದರೆ ಬರವಣಿಗೆಯಲ್ಲಿರುವ ನಿಯಮಾವಳಿ, ಪದಾಧಿಕಾರಿಗಳು, ಸಂಘದ ಹೆಸರಿನ ಬ್ಯಾಂಕ್ ಖಾತೆ ಮತ್ತು ಆ ಖಾತೆಗೆ ಪರಸ್ಪರ ಸಂಬಂಧಿಕರಲ್ಲದ ಇಬ್ಬರ ಸಹಿ. ಗಂಡ ಅಧ್ಯಕ್ಷ, ಹೆಂಡತಿ ಖಜಾಂಚಿ ಎಂಬ ಏರ್ಪಾಡು ಇಲ್ಲಿ ನಡೆಯುವುದಿಲ್ಲ. ಊರಿನ ಸೇವಾ ಸಹಕಾರಿ ಸಂಘದ ಮಹಾಸಭೆಯಲ್ಲಿ ಠರಾವು, ಜಮಾಖರ್ಚು ನೋಡಿದವರಿಗೆ ಇದು ಹೊಸದಲ್ಲ. ಮುಂದೆ ನೋಂದಾಯಿತ ಚಾರಿಟಿ ಆಗಬೇಕೆಂದರೆ ಎಸ್‌ಸಿಐಒ (ಸ್ಕಾಟಿಷ್ ಚಾರಿಟಬಲ್ ಇನ್‌ಕಾರ್ಪೊರೇಟೆಡ್ ಆರ್ಗನೈಸೇಶನ್) ಎಂಬ ರೂಪವಿದೆ, ಅದಕ್ಕೆ ಕನಿಷ್ಠ ಮೂವರು ಟ್ರಸ್ಟಿಗಳು ಬೇಕು.

ವೀಸಾದ ಮೇಲೆ ‘ನೋ ಪಬ್ಲಿಕ್ ಫಂಡ್ಸ್’ ಎಂದು ಬರೆದಿರುವುದನ್ನು ಕಂಡು ಹಲವರು ಹೆದರುತ್ತಾರೆ. ಅದು ವಲಸೆ ನಿಯಮಗಳಲ್ಲಿ ಹೆಸರಿಸಿರುವ ಸರ್ಕಾರಿ ಭತ್ಯೆ ಮತ್ತು ವಸತಿ ಸಹಾಯಗಳಿಗೆ ಸಂಬಂಧಿಸಿದ್ದು. ಕಂಪನಿಯ ನಿಧಿಯಿಂದ ಸಂಘಕ್ಕೆ ಬರುವ ಅನುದಾನ ಆ ಪಟ್ಟಿಯಲ್ಲಿಲ್ಲ. ಆದರೆ ವಿದ್ಯಾರ್ಥಿ ವೀಸಾದಲ್ಲಿರುವವರು ವೃತ್ತಿ ಕಲಾವಿದರಾಗಿ ದುಡಿಯುವಂತಿಲ್ಲ, ಆದ್ದರಿಂದ ಅವರ ಹೆಸರಿಗೆ ಸಂಭಾವನೆಯನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಲೇಬೇಡಿ.

ಅರ್ಜಿಯ ತಿರುಳು ‘ಇದರಿಂದ ಯಾರಿಗೆ ಪ್ರಯೋಜನ’ ಎಂಬ ಪ್ರಶ್ನೆಯಲ್ಲಿದೆ. ನಮ್ಮ ಬಳಗದವರು ಯಕ್ಷಗಾನದ ಚಂಡೆ, ಮದ್ದಳೆ ಕಲಿಸುವ ತರಗತಿಗೆ ಅರ್ಜಿ ಹಾಕಿದಾಗ ಸಮಿತಿಯವರು ಕಲೆಯ ಪ್ರಾಚೀನತೆಯನ್ನು ಕೇಳಲಿಲ್ಲ. ಶಾಲೆಯ ಎಲ್ಲ ಮಕ್ಕಳೂ ಸೇರಬಹುದೇ, ಕಲಿಸುವವರು ಊರು ಬಿಟ್ಟರೆ ವಾದ್ಯಗಳು ಯಾರ ವಶದಲ್ಲಿರುತ್ತವೆ, ಇಲ್ಲಿಯ ಚಳಿಗೆ ಬಿಗಿ ತಪ್ಪಿದ ಚರ್ಮವನ್ನು ಸರಿಪಡಿಸುವವರು ಯಾರು ಎಂದು ಕೇಳಿದರು. ಹೊನ್ನಾವರದಿಂದ ವಾದ್ಯ ತರಿಸುವ ಸಾಗಣೆ ವೆಚ್ಚ, ಊರಿನ ಹಾಲ್‌ನ ಬಾಡಿಗೆ, ವಿಮೆ ಇವುಗಳಿಗೆ ಬೇರೆಬೇರೆ ದರಪಟ್ಟಿ ಲಗತ್ತಿಸಬೇಕಾಯಿತು. ಮಕ್ಕಳಿಗೆ ನಿಯಮಿತವಾಗಿ ಕಲಿಸುವವರು ಪಿವಿಜಿ ಎಂಬ ಪೂರ್ವಾಪರ ಪರಿಶೀಲನೆಯ ಯೋಜನೆಗೆ ಸೇರಿರಬೇಕು. 2025ರ ಏಪ್ರಿಲ್‌ನಿಂದ ಇದು ಕಾನೂನಿನ ಕಡ್ಡಾಯ. ಕನ್ನಡಿಗರಿಗೆ ಮಾತ್ರ ಎಂಬ ಕಾರ್ಯಕ್ರಮಕ್ಕಿಂತ ಊರೆಲ್ಲ ಬರಬಹುದಾದ ಕಾರ್ಯಕ್ರಮ ಹೆಚ್ಚು ಒಪ್ಪಿಗೆಯಾಗುತ್ತದೆ, ಮತ್ತು ಅದು ನ್ಯಾಯವೇ ಎಂಬುದು ನನ್ನ ಅಭಿಪ್ರಾಯ. ಪೂಜೆ, ಧರ್ಮಪ್ರಚಾರ, ಪಕ್ಷ ರಾಜಕೀಯಗಳಿಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಎಲ್ಲರಿಗೂ ಬಾಗಿಲು ತೆರೆದ ದೀಪಾವಳಿ ಊಟ, ಹಾಡು, ಕುಣಿತಕ್ಕೆ ಕೇಳಬಹುದು.

ಮಂಜೂರಾತಿ ಪತ್ರ ಕೈಸೇರುವ ಮೊದಲು ಮಾಡಿದ ಖರ್ಚನ್ನು ನಿಧಿಗಳು ತುಂಬಿಕೊಡುವುದಿಲ್ಲ. ಕೆಲಸ ಮುಗಿದ ಮೇಲೆ ರಶೀದಿಗಳೊಡನೆ ವರದಿ ಕೊಡಬೇಕು, ಉಳಿದ ಹಣ ಮರಳಿಸಬೇಕು. ಸಮಿತಿಗಳು ವರ್ಷದಲ್ಲಿ ಕೆಲವೇ ಸಲ ಸೇರುವುದರಿಂದ, ಅಕ್ಟೋಬರ್‌ನಲ್ಲೋ ನವೆಂಬರ್‌ನಲ್ಲೋ ಬರುವ ದೀಪಾವಳಿಗೆ ಹಣ ಬೇಕೆಂದರೆ ಮೇ ತಿಂಗಳಿನೊಳಗೆ ಅರ್ಜಿ ಸಿದ್ಧವಿರಲಿ, ದರಪಟ್ಟಿಗಳನ್ನು ಅದಕ್ಕೂ ಮೊದಲೇ ತರಿಸಿಟ್ಟುಕೊಳ್ಳಿ.