‘ಲಕ್ಷ್ಮಿ’ ಎಂದರೆ ಎಷ್ಟು ಅಕ್ಷರ? ಅಜೈಲ್ ತಂಡದಲ್ಲಿ ಕೋಡ್ ಬರೆಯುವ ಬಗೆ

‘ನೋಂದಣಿ ಪುಟದಲ್ಲಿ ಹೆಸರು 20 ಅಕ್ಷರ ಮೀರಬಾರದು.’ ಕೆಲಸವನ್ನು ಚಿಕ್ಕ ಚಿಕ್ಕ ಸುತ್ತುಗಳಲ್ಲಿ (ಸ್ಪ್ರಿಂಟ್) ಮುಗಿಸುತ್ತ ಹೋಗುವ ಅಜೈಲ್ ತಂಡದ ಸ್ಪ್ರಿಂಟ್ ಬೋರ್ಡಿನಲ್ಲಿ ಇಂಥ ಸ್ಟೋರಿ, ಅಂದರೆ ಬಳಕೆದಾರರಿಗೆ ಬೇಕಾದ ಒಂದು ಚಿಕ್ಕ ಕೆಲಸದ ವಿವರಣೆ, ಕಂಡರೆ ಅರ್ಧ ಗಂಟೆಯ ಕೆಲಸ ಅನ್ನಿಸುತ್ತದೆ. ಆದರೆ ‘ಲಕ್ಷ್ಮಿ’ ಎಂದು ಟೈಪ್ ಮಾಡಿ ನೋಡಿ. ಓದುವವರಿಗೆ ಅದು 2 ಅಕ್ಷರ. ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಲ, ಕ, ಹಲಂತ, ಷ, ಹಲಂತ, ಮ, ಗುಡಿಸು ಸೇರಿ 7 ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದರೆ ಒಂದೊಂದಕ್ಕೂ 3ರಂತೆ 21 ಬೈಟ್. ಸ್ಟೋರಿ ಬರೆದವರ ಮನಸ್ಸಿನಲ್ಲಿದ್ದ ಲೆಕ್ಕ ಇವುಗಳಲ್ಲಿ ಯಾವುದು?

ಇದು ಕೋಡಿನ ಪ್ರಶ್ನೆಯೂ ಹೌದು, ತಂಡದ ಪ್ರಶ್ನೆಯೂ ಹೌದು. ಈ ಎರಡು ಕೌಶಲಗಳನ್ನು ಬೇರೆಬೇರೆಯಾಗಿ ಕಲಿಯಲು ಹೋದರೆ ಎರಡೂ ಕೈಗೆ ಹತ್ತುವುದಿಲ್ಲ. ಹಾಗಾಗಿ ಈ ಒಂದೇ ಸ್ಟೋರಿಯನ್ನು ಮೊದಲಿಂದ ಹಿಡಿದು ಹೋಗೋಣ.

ಕೋಡ್ ಮುಟ್ಟುವ ಮೊದಲು ಕೇಳಿ

ಪ್ರಾಡಕ್ಟ್ ಓನರ್ (ಏನು ಬೇಕೆಂದು ನಿರ್ಧರಿಸುವವರು), ಟೆಸ್ಟರ್ ಮತ್ತು ನೀವು 15 ನಿಮಿಷ ಕೂತರೆ ಸಾಕು. ‘ಅಕ್ಷರ ಅಂದರೆ ಏನು?’ ಎಂದು ಕೇಳಿದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ‘ಲಕ್ಷ್ಮಿ ಅಂತ ಮೂರು ಸಲ ಬರೆದರೆ ಕಣ್ಣಿಗೆ 6 ಅಕ್ಷರ, ಪ್ರೋಗ್ರಾಮಿಗೆ 21 ಸಂಕೇತ. ಬಿಡಬೇಕೋ, ತಡೆಯಬೇಕೋ?’ ಎಂದರೆ ಒಂದೇ ಮಾತಿನಲ್ಲಿ ಉತ್ತರ ಬರುತ್ತದೆ. 20 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನೂ ಕೇಳಿ. ಪರದೆಯ ಅಗಲದಿಂದ ಬಂದಿದ್ದರೆ ಒಂದು ಪರಿಹಾರ; ಡೇಟಾಬೇಸ್ ಕಾಲಂನಿಂದ ಬಂದಿದ್ದು, ಆ ಕಾಲಂ ಬೈಟ್ ಲೆಕ್ಕದಲ್ಲಿದ್ದರೆ, 20 ಬೈಟಿಗೆ ಒಂದು ‘ಲಕ್ಷ್ಮಿ’ಯೂ ಹಿಡಿಸದು. ಸಿಕ್ಕ ಉತ್ತರಗಳನ್ನು ಉದಾಹರಣೆಗಳ ರೂಪದಲ್ಲಿ ಸ್ಟೋರಿಯಲ್ಲೇ ಬರೆದಿಡಿ. ಚಾಟ್‌ನಲ್ಲಿ ಉಳಿದ ಉತ್ತರ ಮುಂದಿನ ವಾರ ಯಾರ ಕೈಗೂ ಸಿಗುವುದಿಲ್ಲ.

ತಂಡ 60 ಯೂನಿಕೋಡ್ ಸಂಕೇತಗಳ ಮಿತಿಗೆ ಒಪ್ಪಿತು ಅಂದುಕೊಳ್ಳಿ. ಈಗ ಕೆಲಸವನ್ನು ಒಂದೊಂದು ದಿನದೊಳಗೆ ಮರ್ಜ್ ಆಗುವ (ತಂಡದ ಮುಖ್ಯ ಕೋಡಿಗೆ ಸೇರುವ) ತುಂಡುಗಳಾಗಿ ಒಡೆಯಿರಿ. ‘ಮೊದಲು ಡೇಟಾಬೇಸ್, ಆಮೇಲೆ ಸರ್ವರ್, ಕೊನೆಗೆ ಪರದೆ’ ಎಂದು ಒಡೆದರೆ ಕೊನೆಯ ದಿನದವರೆಗೂ ಯಾರೂ ಏನನ್ನೂ ಬಳಸಿ ನೋಡಲಾಗದು. ಉದ್ದದ ಹೆಸರನ್ನು ಸರ್ವರ್ ತಡೆದು ಸಂದೇಶ ತೋರಿಸುವುದು ಒಂದು ತುಂಡು, ಟೈಪ್ ಮಾಡುವಾಗಲೇ ಎಣಿಕೆ ಕಾಣಿಸುವುದು ಇನ್ನೊಂದು, ಹಳೆಯ ದಾಖಲೆಗಳ ವ್ಯವಸ್ಥೆ ಮತ್ತೊಂದು.

ಮೊದಲು ಕೆಂಪು, ಆಮೇಲೆ ಹಸಿರು

1990ರ ದಶಕದಲ್ಲಿ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಕೆಂಟ್ ಬೆಕ್ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಅಜೈಲ್ ವಿಧಾನದ ಭಾಗವಾಗಿ ಬಳಕೆಗೆ ತಂದ ಟೆಸ್ಟ್-ಡ್ರಿವನ್ ಡೆವಲಪ್‌ಮೆಂಟ್ ಪದ್ಧತಿಯಲ್ಲಿ ಟೆಸ್ಟ್ (ಕೋಡ್ ಸರಿಯೇ ಎಂದು ನೋಡುವ ಚಿಕ್ಕ ಪ್ರೋಗ್ರಾಮ್) ಮುಂದೆ, ಕೋಡ್ ಹಿಂದೆ; ಟೆಸ್ಟ್ ಸೋತರೆ ಕೆಂಪು, ಗೆದ್ದರೆ ಹಸಿರು. 61 ಸಂಕೇತಗಳ ಹೆಸರನ್ನು ತಡೆಯಬೇಕು ಎಂಬ ಟೆಸ್ಟ್ ಬರೆದು ಓಡಿಸಿ, ಅದು ಸೋಲುವುದನ್ನು ಕಣ್ಣಾರೆ ನೋಡಿ. ಯಾಕೆ ಸೋತಿತು ಎಂಬುದನ್ನೂ ಓದಿ. ಫಂಕ್ಷನ್ ಹೆಸರು ತಪ್ಪಿದರೂ ಕೆಂಪು ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಟೆಸ್ಟ್ ಗೆಲ್ಲಲು ಬೇಕಾದಷ್ಟೇ ಕೋಡ್ ಬರೆಯಿರಿ. ಹಿಂದೆಯೇ 60 ಸಂಕೇತ, ಖಾಲಿ ಹೆಸರು, ಬರೀ ಸ್ಪೇಸ್ ಇರುವ ಹೆಸರು ಒಂದೊಂದಾಗಿ ಬರಲಿ. ಎಲ್ಲವೂ ಹಸಿರಾದ ಮೇಲಷ್ಟೇ ಕೋಡನ್ನು ಒಪ್ಪಗೊಳಿಸುವ ಕೆಲಸ.

ಟೆಸ್ಟನ್ನೇ ಪರೀಕ್ಷಿಸುವ ದಾರಿಯೊಂದಿದೆ; ಕಡೆಗಣಿಸಬೇಡಿ. ಕೋಡಿನಲ್ಲಿ ‘> 60’ ಇರುವಲ್ಲಿ ಬೇಕೆಂದೇ ‘>= 60’ ಮಾಡಿ ಓಡಿಸಿ. ಒಂದೂ ಟೆಸ್ಟ್ ಕೆಂಪಾಗದಿದ್ದರೆ ಸರಿಯಾಗಿ 60 ಇರುವ ಹೆಸರಿನ ಟೆಸ್ಟ್ ಬಿಟ್ಟುಹೋಗಿದೆ ಎಂದರ್ಥ. ನೋಡಿಕೊಂಡು ಹಿಂದಿನಂತೆ ಮಾಡಿ.

ಪ್ರತಿ ಹಸಿರಿಗೂ ಒಂದು ಕಮಿಟ್ (ಬದಲಾವಣೆಯ ದಾಖಲೆ) ಇರಲಿ. ವೇರಿಯಬಲ್ ಹೆಸರು ಬದಲಿಸಿದ್ದು ಒಂದರಲ್ಲಿ, ನಡವಳಿಕೆ ಬದಲಿಸಿದ್ದು ಇನ್ನೊಂದರಲ್ಲಿ. ಎರಡೂ ಕಲೆತರೆ ನಾಳೆ ತಪ್ಪು ಹುಡುಕುವವರಿಗೆ ಕಷ್ಟ. ಮೇನ್ ಬ್ರಾಂಚಿನ, ಅಂದರೆ ತಂಡದ ಮುಖ್ಯ ಕೋಡಿನ, ಬದಲಾವಣೆಗಳನ್ನು ದಿನಕ್ಕೊಮ್ಮೆಯಾದರೂ ಎಳೆದುಕೊಳ್ಳಿ.

ರಿವ್ಯೂ ಮತ್ತು ಜೋಡಿ ಕೆಲಸ

ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) 200 ಸಾಲಿನೊಳಗಿದ್ದರೆ ನೋಡುವವರು ನಿಜವಾಗಿಯೂ ಓದುತ್ತಾರೆ. 1,500 ಸಾಲಿದ್ದರೆ ಮೇಲೆ ಮೇಲೆ ಕಣ್ಣಾಡಿಸಿ ಒಪ್ಪಿಬಿಡುತ್ತಾರೆ. ಏನು ಬದಲಾಯಿತು, ಹೇಗೆ ಪರೀಕ್ಷಿಸಬೇಕು, ನಿಮಗೆ ಎಲ್ಲಿ ಅನುಮಾನವಿದೆ ಎಂದು ಮೂರು ಸಾಲು ಬರೆಯಿರಿ. ಮೂರನೆಯ ಸಾಲು ಬರೆಯಲು ಹಿಂಜರಿಯುವವರೇ ಹೆಚ್ಚು, ಆದರೆ ರಿವ್ಯೂ ಮಾಡುವವರಿಗೆ ಅತ್ಯಂತ ಉಪಯೋಗವಾಗುವುದು ಅದೇ. ನೀವು ರಿವ್ಯೂ ಮಾಡುವಾಗ ‘ಇದು ಸರಿ ಇಲ್ಲ’ ಎಂದು ಬಿಡಬೇಡಿ. ‘ಹೆಸರಿನ ತುದಿಯಲ್ಲಿ ಸ್ಪೇಸ್ ಇದ್ದರೆ ಅದನ್ನು ತೆಗೆಯುವ ಮೊದಲು ಎಣಿಸುತ್ತಿದ್ದೇವೆಯೇ, ತೆಗೆದ ಮೇಲೆಯೇ?’ ಎಂದು ಕೇಳಿ. ಹೊಸ ಕೆಲಸ ಕೈಗೆತ್ತಿಕೊಳ್ಳುವ ಮೊದಲು ಕಾದಿರುವ ರಿವ್ಯೂ ಮುಗಿಸಿ.

ಜೋಡಿಯಾಗಿ ಕೂತು ಬರೆಯುವಾಗ ಒಬ್ಬರ ಕೈಯಲ್ಲಿ ಕೀಬೋರ್ಡ್, ಇನ್ನೊಬ್ಬರ ಕಣ್ಣು ದಾರಿಯ ಮೇಲೆ. 25 ನಿಮಿಷಕ್ಕೊಮ್ಮೆ ಅದಲುಬದಲಾಗಿ, ಗಡಿಯಾರ ಇಟ್ಟುಕೊಂಡೇ. ಇಲ್ಲದಿದ್ದರೆ ಅನುಭವಿಗಳ ಕೈಯಲ್ಲೇ ಕೀಬೋರ್ಡ್ ಉಳಿದು, ಪಕ್ಕದವರು ಬರೀ ನೋಡುತ್ತಾ ಕೂರಬೇಕಾಗುತ್ತದೆ. ‘14ನೇ ಸಾಲಿನಲ್ಲಿ ಇಫ್ ಹಾಕಿ’ ಎನ್ನುವ ಬದಲು ‘ಖಾಲಿ ಹೆಸರು ಬಂದರೆ ಏನಾಗುತ್ತೆ?’ ಎಂದರೆ ಕೀಬೋರ್ಡ್ ಹಿಡಿದವರಿಗೆ ಯೋಚಿಸಲು ಜಾಗ ಸಿಗುತ್ತದೆ.

15 ನಿಮಿಷದ ಸ್ಟ್ಯಾಂಡ್‌ಅಪ್

ತಂಡದ ದಿನನಿತ್ಯದ ಈ ಚಿಕ್ಕ ಸಭೆಯಲ್ಲಿ ‘ನಿನ್ನೆ ಹೆಸರಿನ ಸ್ಟೋರಿ ಮಾಡಿದೆ, ಇವತ್ತೂ ಅದೇ’ ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ಹೀಗೆ ಹೇಳಿ: ‘ಸರ್ವರ್ ಭಾಗ ಮರ್ಜ್ ಆಗಿದೆ. ಹಳೆಯ ದಾಖಲೆಗಳಲ್ಲಿ 60 ಮೀರಿದ ಹೆಸರುಗಳು ಸಿಕ್ಕಿವೆ. ಡೇಟಾಬೇಸ್ ಬಲ್ಲವರು ಯಾರಾದರೂ ಇದು ಮುಗಿದ ಮೇಲೆ ಹತ್ತು ನಿಮಿಷ ಜೊತೆಗೆ ಕೂರ್ತೀರಾ?’ ಚರ್ಚೆ ಅಲ್ಲೇ ಶುರುವಾದರೆ ಸಂಬಂಧಪಟ್ಟವರಷ್ಟೇ ಆಮೇಲೆ ಉಳಿಯಲಿ.

ಸ್ಪ್ರಿಂಟ್ ಮುಗಿದಾಗ ರೆಟ್ರೋದಲ್ಲಿ (ಕೆಲಸ ಹೇಗೆ ನಡೆಯಿತೆಂದು ತಂಡ ಹಿಂದಿರುಗಿ ನೋಡುವ ಸಭೆಯಲ್ಲಿ) ಹತ್ತು ನಿರ್ಣಯ ಮಾಡಿದರೆ ಒಂದೂ ಜಾರಿಯಾಗುವುದಿಲ್ಲ. ಒಂದನ್ನೇ ಆರಿಸಿ: ಮಿತಿ ಇರುವ ಯಾವ ಸ್ಟೋರಿಯನ್ನೂ ಮಿತಿಯೊಳಗಿನ ಒಂದು, ಮಿತಿ ಮೀರಿದ ಒಂದು ಉದಾಹರಣೆ ಇಲ್ಲದೆ ಸ್ಪ್ರಿಂಟಿಗೆ ತೆಗೆದುಕೊಳ್ಳುವುದಿಲ್ಲ. ಅದನ್ನು ನೋಡಿಕೊಳ್ಳುವವರ ಹೆಸರನ್ನು ಬೋರ್ಡಿನಲ್ಲೇ ಬರೆಯಿರಿ. ಮುಂದಿನ ರೆಟ್ರೋ ಶುರುವಾದ ಕೂಡಲೇ ಅಂಥ ಸ್ಟೋರಿಗಳನ್ನು ತೆರೆದು, ಎಷ್ಟರಲ್ಲಿ ಆ ಎರಡು ಉದಾಹರಣೆ ಇವೆ ಎಂದು ಎಣಿಸಿ.