ಯಾರಿಗೆ ಯಾವ ವಿಡಿಯೊ ಗೇಮ್ ಹೇಳಬೇಕು?

‘ಒಂದು ಒಳ್ಳೆಯ ಗೇಮ್ ಹೇಳಿ’ ಎಂದು ಯಾರಾದರೂ ಕೇಳಿದ ಕೂಡಲೇ ನಮಗೆ ಇಷ್ಟವಾದ ಗೇಮಿನ ಹೆಸರೇ ನಾಲಿಗೆಯ ತುದಿಗೆ ಬರುತ್ತದೆ. ಎಡವುವುದು ಅಲ್ಲಿಯೇ. ಕೆಲವು ವರ್ಷಗಳ ಹಿಂದೆ, ಸಂಜೆಯಾದರೆ ಚದುರಂಗದ ಮಣೆ ಹರಡಿ ಕೂರುವ ಬಂಧುವೊಬ್ಬರು ‘ತುಸು ಕಷ್ಟದ್ದೇ ಇರಲಿ’ ಎಂದದ್ದನ್ನು ನಂಬಿ ಅವರ ಕೈಗೆ ನಾನು ‘ಡಾರ್ಕ್ ಸೋಲ್ಸ್’ ಕೊಟ್ಟೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ 2011ರಲ್ಲಿ ಹೊರತಂದ ಆ ಗೇಮ್ ಕಷ್ಟಕ್ಕೇ ಹೆಸರಾದದ್ದು, ನಿಜ. ಆದರೆ ಅದರ ಕಷ್ಟವಿರುವುದು ವೈರಿಯ ಕತ್ತಿ ಬೀಸಿ ಬರುವ ಕ್ಷಣವನ್ನು ಅಂದಾಜಿಸಿ ಬೆರಳು ಆಡಿಸುವುದರಲ್ಲಿ. ಕೂತು ಯೋಚಿಸಲು ಅದು ಬಿಡುವುದೇ ಇಲ್ಲ. ಅರ್ಧ ಗಂಟೆಯೊಳಗೆ ಅವರು ಕಂಟ್ರೋಲರ್ ಕೆಳಗಿಟ್ಟರು. ಅವರಿಗೆ ಒಪ್ಪುತ್ತಿದ್ದದ್ದು 2018ರ ‘ಇನ್‌ಟು ದ ಬ್ರೀಚ್’. ಅದರಲ್ಲಿಯೂ ಚದುರಂಗದಂತೆ ಎಂಟಕ್ಕೆಂಟು ಮನೆಗಳ ಹಾಸು ಇದೆ, ವೈರಿ ಮುಂದೆ ಎಲ್ಲಿಗೆ ಹೊಡೆಯಲಿದ್ದಾನೆ ಎಂಬುದು ಮೊದಲೇ ಕಾಣುತ್ತದೆ, ನಮ್ಮ ಸರದಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಗಲ್ಲಕ್ಕೆ ಕೈಕೊಟ್ಟು ಕೂರಬಹುದು. ‘ಕಷ್ಟ’ ಎಂಬ ಒಂದೇ ಮಾತಿಗೆ ನಮ್ಮಿಬ್ಬರಲ್ಲಿ ಎರಡು ಅರ್ಥಗಳಿದ್ದವು. ನಾನು ಕೇಳಿ ತಿಳಿದುಕೊಂಡಿರಲಿಲ್ಲ.

ಮೊದಲು ಕೇಳಬೇಕಾದದ್ದು

ಆದ್ದರಿಂದ ಮೊದಲ ಹೆಜ್ಜೆ ಹೆಸರು ಹೇಳುವುದಲ್ಲ, ಪ್ರಶ್ನೆ ಕೇಳುವುದು. ‘ಯಾವ ಬಗೆಯ ಗೇಮ್ ಇಷ್ಟ?’ ಎಂದು ಕೇಳಿದರೆ ‘ಆ್ಯಕ್ಷನ್’, ‘ಪಜಲ್’ ಎಂಬಂಥ ಉತ್ತರ ಬರುತ್ತದೆ, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಬದಲಿಗೆ, ಈ ಹಿಂದೆ ಆಡಿದ ಯಾವುದಾದರೂ ಗೇಮಿನಲ್ಲಿ ಹೊತ್ತು ಹೋದದ್ದೇ ತಿಳಿಯದ ಒಂದು ಸಂದರ್ಭವನ್ನು ವಿವರಿಸಲು ಹೇಳಿ. ಒಬ್ಬರು ಗೆದ್ದ ಘಳಿಗೆಯನ್ನು ಹೇಳುತ್ತಾರೆ, ಇನ್ನೊಬ್ಬರು ಗುಡ್ಡ ಹತ್ತಿ ಆಚೆ ಏನಿದೆ ಎಂದು ಇಣುಕಿದ್ದನ್ನು, ಮತ್ತೊಬ್ಬರು ತಮ್ಮನ ಜೊತೆ ಜಗಳವಾಡುತ್ತಾ ಆಡಿದ್ದನ್ನು. ಗೇಮನ್ನೇ ಆಡದವರಾದರೆ ಚೌಕಾಬಾರ, ಪದಬಂಧ, ಪತ್ತೇದಾರಿ ಕಾದಂಬರಿ, ಕೈತೋಟ, ಅಡುಗೆ, ಇವುಗಳಲ್ಲಿ ಅವರ ಮನಸ್ಸು ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಿದರೂ ಸಾಕು.

ಈ ಉತ್ತರಗಳನ್ನು ಓದಿಕೊಳ್ಳಲು ಒಂದು ಹಳೆಯ ಲೆಕ್ಕ ಈಗಲೂ ಉಪಯೋಗಕ್ಕೆ ಬರುತ್ತದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ 1978ರಲ್ಲಿ ಶುರುಮಾಡಿದ, ಹಲವರು ಒಟ್ಟಿಗೆ ಆಡಬಹುದಾದ, ಬರೀ ಅಕ್ಷರಗಳ ಲೋಕವನ್ನು ಮುಂದುವರಿಸಿದ ರಿಚರ್ಡ್ ಬಾರ್ಟಲ್, 1996ರ ಪ್ರಬಂಧವೊಂದರಲ್ಲಿ ಆಟಗಾರರನ್ನು ಇಸ್ಪೀಟಿನ ನಾಲ್ಕು ಬಣ್ಣಗಳಿಗೆ ಹೋಲಿಸಿದರು. ನಿಧಿ ಕೂಡಿಹಾಕುವ, ಗುರಿ ಮುಟ್ಟುವ ಸಾಧಕರು ಡೈಮನ್. ಅಗೆದು ಅಗೆದು ಹೊಸದನ್ನು ಹುಡುಕುವ ಅನ್ವೇಷಕರು ಇಸ್ಪೀಟು. ಆಟಕ್ಕಿಂತ ಜೊತೆಗಾರರೇ ಮುಖ್ಯವೆನ್ನುವವರು ಆಟೀನು. ಬೇರೆ ಆಟಗಾರರ ಮೇಲೆ ಏರಿಹೋಗುವುದರಲ್ಲೇ ಸುಖ ಕಾಣುವವರು ಕಳಾವರ. ಆದರೆ ಇದನ್ನು ಜಾತಕದಂತೆ ಹಿಡಿದುಕೊಳ್ಳಬಾರದು. ಅದು ಆ ಬಗೆಯ ಒಂದು ಲೋಕದ ಆಟಗಾರರನ್ನು ನೋಡಿ ಮಾಡಿದ ವಿಂಗಡಣೆ. ಜೊತೆಗೆ, ಕಚೇರಿಯಿಂದ ಸುಸ್ತಾಗಿ ಬಂದ ಮಂಗಳವಾರ ಆಟೀನಾಗಿರುವವರೇ ಭಾನುವಾರ ಬೆಳಿಗ್ಗೆ ಕಳಾವರವಾಗಬಹುದು.

ಕೈ, ಕಣ್ಣು, ಸಮಯ

ಎರಡನೆಯ ಹೆಜ್ಜೆಯನ್ನು ಬಹುತೇಕರು ಹಾರಿಸಿಬಿಡುತ್ತಾರೆ, ನನ್ನ ಅನುಭವದಲ್ಲಿ ಸಲಹೆಗಳು ಹೆಚ್ಚಾಗಿ ಸೋಲುವುದೂ ಇಲ್ಲಿಯೇ. ಹೊಸಬರಿಗೆ ಅತಿ ಕಠಿಣವಾದದ್ದು ವೈರಿಗಳಲ್ಲ, ಎಡಗೈಯಿಂದ ನಡೆಯುತ್ತಲೇ ಬಲಗೈಯಿಂದ ನೋಟವನ್ನು ತಿರುಗಿಸುವ ಕೆಲಸ. ರೂಢಿಯಿರುವವರಿಗೆ ಇದು ಸೈಕಲ್ ತುಳಿದಂತೆ, ಮರೆತೇಹೋಗಿರುತ್ತದೆ. 2007ರ ‘ಪೋರ್ಟಲ್’ ಒಗಟುಗಳ ಗೇಮ್ ಎಂದು ಒಗಟು ಪ್ರಿಯರಿಗೆಲ್ಲ ಹೇಳುತ್ತಾರೆ. ಆದರೆ ಮೊದಲ ಬಾರಿಗೆ ಆಡುವವರು ಒಗಟಿಗೆ ಬರುವ ಮೊದಲೇ ಗೋಡೆಗೆ ಮುಖ ಕೊಟ್ಟು ನಿಂತುಬಿಡುತ್ತಾರೆ. ಪಾತ್ರದ ಕಣ್ಣಿನಿಂದಲೇ ಲೋಕವನ್ನು ತೋರಿಸುವ ಇಂಥ ಗೇಮ್‌ಗಳಲ್ಲಿ ಕೆಲವರಿಗೆ ತಲೆ ಸುತ್ತುವುದೂ ಉಂಟು. ಸೆಟ್ಟಿಂಗ್ಸ್‌ನಲ್ಲಿ ನೋಟದ ಅಗಲವನ್ನು ಹೆಚ್ಚಿಸಿದರೆ ಕೆಲವೊಮ್ಮೆ ಕಡಿಮೆಯಾಗುತ್ತದೆ, ಆಗದಿದ್ದರೆ ಒತ್ತಾಯಿಸಬಾರದು. ಅಂಥವರಿಗೆ ಫೋನಿನಲ್ಲಿ ಬೆರಳಿನಿಂದ ಮುಟ್ಟಿ ಆಡುವ, ಕಣ್ಣಿಗೆ ಮೋಸ ಮಾಡುವ ಮೆಟ್ಟಿಲು ಗೋಪುರಗಳ ‘ಮಾನ್ಯುಮೆಂಟ್ ವ್ಯಾಲಿ’ (2014) ಒಳ್ಳೆಯ ಬಾಗಿಲು.

ಸಮಯದ ವಿಷಯದಲ್ಲಿ ದಿನಕ್ಕೆ ಎಷ್ಟು ಗಂಟೆ ಎಂಬುದಕ್ಕಿಂತ, ನಡುವೆ ಎದ್ದುಹೋಗಬೇಕಾಗುತ್ತದೆಯೇ ಎಂಬುದು ಮುಖ್ಯ. ಎರಿಕ್ ಬರೋನ್ ಒಬ್ಬರೇ ಕೂತು ರೂಪಿಸಿದ ಬೇಸಾಯದ ಗೇಮ್ ‘ಸ್ಟಾರ್ಡ್ಯೂ ವ್ಯಾಲಿ’ (2016) ಶಾಂತವಾದದ್ದೆಂದು ಎಲ್ಲರಿಗೂ ಹೇಳಲಾಗುತ್ತದೆ. ಆದರೆ ಅದರ ಒಂದು ದಿನ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ, ಕಂಪ್ಯೂಟರಿನಲ್ಲಿ ಆಡುವಾಗ ಪಾತ್ರವು ಮಲಗಿದಾಗ ಮಾತ್ರ ಆಟ ದಾಖಲಾಗುತ್ತದೆ. ಅನ್ನಕ್ಕಿಟ್ಟ ಕುಕ್ಕರ್ ಎರಡನೇ ಸೀಟಿ ಹೊಡೆದಾಗ ಆಟ ಮುಚ್ಚಿ ಏಳುವವರು ಅಷ್ಟು ಹೊತ್ತಿನ ದುಡಿಮೆ ಕಳೆದುಕೊಳ್ಳುತ್ತಾರೆ. ಇದನ್ನು ಮೊದಲೇ ತಿಳಿಸಿದರೆ ಅವರು ಆಟ ಮುಚ್ಚುವ ಬದಲು ನಿಲ್ಲಿಸಿಟ್ಟು ಏಳುತ್ತಾರೆ.

ಭಾಷೆಯನ್ನೂ ಕೇಳಿಕೊಳ್ಳಬೇಕು. ದೊಡ್ಡ ಗೇಮ್‌ಗಳಲ್ಲಿ ಕನ್ನಡದ ಅಕ್ಷರಗಳು ಕಾಣುವುದು ಅಪರೂಪ. ಇಂಗ್ಲಿಷ್ ಓದಲು ಬೇಸರಪಡುವ ಹಿರಿಯರಿಗಾಗಲಿ ಮಕ್ಕಳಿಗಾಗಲಿ ಪುಟಗಟ್ಟಲೆ ಸಂಭಾಷಣೆಯ ‘ದ ವಿಚರ್ 3’ ಹೇಳಿ ಪ್ರಯೋಜನವಿಲ್ಲ. ಮಾತೇ ಇಲ್ಲದೆ ಕಥೆ ಹೇಳುವ ‘ಜರ್ನಿ’ (2012) ಅಥವಾ ‘ಗ್ರಿಸ್’ (2018) ಅವರನ್ನು ತಡೆಯುವುದಿಲ್ಲ. ಮಕ್ಕಳ ವಿಷಯಕ್ಕೆ ಬಂದರೆ, ಯುರೋಪಿನ ಪೆಗಿ ಮತ್ತು ಅಮೆರಿಕದ ಇಎಸ್‌ಆರ್‌ಬಿ ಎಂಬ ಗೇಮ್ ಪರಿಶೀಲನಾ ವ್ಯವಸ್ಥೆಗಳು ಕೊಡುವ ವಯಸ್ಸಿನ ಗುರುತು ಹಿಂಸೆ, ಬೈಗುಳಗಳಂಥ ವಿಷಯಗಳನ್ನು ಅಳೆಯುತ್ತದೆಯೇ ಹೊರತು ಆಟ ಸುಲಭವೋ ಅಲ್ಲವೋ ಎಂಬುದನ್ನಲ್ಲ. ‘ಉಚಿತ’ ಎಂದಿರುವ ಫೋನ್ ಗೇಮ್ ಆದರೆ ಒಳಗಿನ ಖರೀದಿಗೆ ಮೊದಲು ಬೀಗ ಹಾಕಿಸಿ.

ಹೊಂದಿಸುವ ಕೆಲಸ

ಇಷ್ಟಾದ ಮೇಲೆ ಮೂರನೆಯ ಹೆಜ್ಜೆ, ಅಂದರೆ ಹೊಂದಿಸುವುದು. ಇಲ್ಲಿ ಕಥಾವಸ್ತುವಿನ ಹೋಲಿಕೆಗೆ ಮರುಳಾಗಬಾರದು, ಮನಸ್ಸು ಮಾಡುವ ಕೆಲಸದ ಹೋಲಿಕೆಯನ್ನು ಹುಡುಕಬೇಕು. ಪತ್ತೇದಾರಿ ಕಥೆಗಳನ್ನು ಓದಿ ಕೊನೆಯ ಪುಟಕ್ಕೆ ಮೊದಲೇ ಕೊಲೆಗಾರನನ್ನು ಊಹಿಸುವವರಿಗೆ, ಗುಂಡು ಹಾರಿಸುವ ಪೊಲೀಸ್ ಗೇಮ್ ಕೊಡುವುದಕ್ಕಿಂತ ಲ್ಯೂಕಸ್ ಪೋಪ್ ಅವರ ‘ರಿಟರ್ನ್ ಆಫ್ ದ ಓಬ್ರಾ ಡಿನ್’ (2018) ಕೊಡುವುದು ಮೇಲು. 1807ರಲ್ಲಿ ದಡಕ್ಕೆ ಮರಳಿದ ಖಾಲಿ ಹಡಗು, ಅದರಲ್ಲಿದ್ದ 60 ಜನರಲ್ಲಿ ಯಾರಿಗೆ ಏನಾಯಿತು ಎಂಬುದನ್ನು ಉಡುಪು, ಮಾತಿನ ಧಾಟಿ, ಮಲಗುವ ತೂಗುಮಂಚಗಳನ್ನು ನೋಡಿ ತೀರ್ಮಾನಿಸಬೇಕು. ಈಸ್ಟ್ ಇಂಡಿಯಾ ಕಂಪನಿಗಾಗಿ ವಿಮೆಯ ಲೆಕ್ಕ ಒಪ್ಪಿಸುವುದು ನಮ್ಮ ಪಾತ್ರದ ಕೆಲಸ. ಚೌಕಾಬಾರದಲ್ಲಿ ಕವಡೆ ಬಿದ್ದದ್ದನ್ನು ಹಳಿಯದೆ, ಬಿದ್ದಷ್ಟರಲ್ಲೇ ಯಾವ ಕಾಯಿ ನಡೆಸಲಿ ಎಂದು ಲೆಕ್ಕ ಹಾಕುವವರಿಗೆ ಇಸ್ಪೀಟಿನಂಥ ಎಲೆಗಳಿಂದ ಆಡುವ ‘ಸ್ಲೇ ದ ಸ್ಪೈರ್’ (2019) ಹೇಳಿ. ಕೈಗೆ ಬರುವ ಎಲೆ ಅದೃಷ್ಟ, ಎಲೆಗಳ ಕಟ್ಟನ್ನು ಕಟ್ಟುವುದು ನಮ್ಮ ಜಾಣ್ಮೆ. ಅಡುಗೆಮನೆಯೇ ಲೋಕವಾಗಿರುವ, ಈವರೆಗೆ ಒಂದು ಗೇಮನ್ನೂ ಆಡದವರಿಗೆ ಟೊರಾಂಟೊದಲ್ಲಿ ರೂಪುಗೊಂಡ ‘ವೆಂಬಾ’ (2023) ಇದೆ. ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದು ಅಮ್ಮನ ಹರಿದ ಅಡುಗೆ ಪುಸ್ತಕ ನೋಡಿಕೊಂಡು ಇಡ್ಲಿ ಬೇಯಿಸುವುದರಿಂದ ಅದು ತೊಡಗುತ್ತದೆ, ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ಅದರಲ್ಲಿನ ಮಗನ ಮಾತು, ಅಮ್ಮನ ಮೌನ ಅಪರಿಚಿತವಾಗಿರಲಾರವು.

ಒಂದೇ ಗೇಮ್ ಇಬ್ಬರಿಗೆ ಬೇರೆಬೇರೆ ಕಾರಣಕ್ಕೆ ಹಿಡಿಸಬಹುದೆಂಬುದನ್ನೂ ಮರೆಯಬಾರದು. ‘ಸ್ಟಾರ್ಡ್ಯೂ’ನಲ್ಲಿ ಸಾಧಕರು 28 ದಿನಗಳ ಋತುವಿಗೆ ಯಾವ ಬೆಳೆ ಎಷ್ಟು ಲಾಭವೆಂದು ಹಾಳೆಯಲ್ಲಿ ಲೆಕ್ಕ ಬರೆಯುತ್ತಾರೆ, ಆಟೀನಿನವರು ಗದ್ದೆ ಬಿಟ್ಟು ಊರವರ ಹುಟ್ಟುಹಬ್ಬಕ್ಕೆ ಉಡುಗೊರೆ ಹೊತ್ತು ತಿರುಗುತ್ತಾರೆ. ಹಾಗಾಗಿ ಹೆಸರಿನ ಜೊತೆಗೆ, ಯಾವ ಕಡೆಯಿಂದ ಒಳಗೆ ಹೋಗಬೇಕೆಂಬುದನ್ನೂ ಹೇಳಬೇಕು. ಬೆಟ್ಟ ಹತ್ತುವ ಹುಡುಗಿಯ ಕಥೆ ಬೇಕು, ಬೆರಳಿನ ಕಸರತ್ತು ಬೇಡ ಎನ್ನುವವರಿಗೂ ‘ಸೆಲೆಸ್ಟ್’ (2018) ಹೇಳಬಹುದು, ಆದರೆ ವೇಗ ತಗ್ಗಿಸುವ ‘ಅಸಿಸ್ಟ್ ಮೋಡ್’ ಎಲ್ಲಿದೆ ಎಂದು ತೋರಿಸಿಕೊಟ್ಟು.

ಹೇಳುವ ಬಗೆ

ಹತ್ತು ಹೆಸರು ಕೊಟ್ಟರೆ ಒಂದನ್ನೂ ಆಡುವುದಿಲ್ಲ. ಒಂದನ್ನು ಹೇಳಿ, ಮೊದಲ ಗಂಟೆಯಲ್ಲಿ ಎದುರಾಗುವ ಬೇಸರವನ್ನು ಮುಚ್ಚಿಡದೆ ತಿಳಿಸಿ, ಅಲ್ಲಿಗೆ ನಿಲ್ಲಿಸಿ. ಅನ್ವೇಷಕರಿಗಂತೂ ಕಡಿಮೆ ಹೇಳಿದಷ್ಟೂ ಒಳ್ಳೆಯದು: 2019ರ ‘ಔಟರ್ ವೈಲ್ಡ್ಸ್’ನಲ್ಲಿ ಗಳಿಸುವ ಆಯುಧವಿಲ್ಲ, ಏರುವ ಹಂತವಿಲ್ಲ, ತಿಳಿದುಕೊಂಡದ್ದೊಂದೇ ಗಳಿಕೆ. ಅದರ ಬಗ್ಗೆ ಇಷ್ಟು ಬರೆದದ್ದೇ ಹೆಚ್ಚಾಯಿತೇನೋ.

ಖರೀದಿಸುವವರಿಗೆ ಒಂದು ಅನುಕೂಲವನ್ನೂ ತಿಳಿಸಿಡಬಹುದು. ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ‘ಸ್ಟೀಮ್’ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸಾಮಾನ್ಯವಾಗಿ ಹಣ ಮರಳಿ ಪಡೆಯಬಹುದು. ಆ ಎರಡು ಗಂಟೆಯನ್ನು ಒಂದೇ ಕೂರಿಕೆಯಲ್ಲಿ ಆಡಲಿ ಎಂಬುದು ನನ್ನ ಸಲಹೆ. ಹತ್ತು ಹತ್ತು ನಿಮಿಷ ಆಡಿದರೆ ರುಚಿ ಹತ್ತುವುದಿಲ್ಲ.

ವಾರದ ನಂತರ ‘ಹೇಗಿತ್ತು?’ ಎಂದು ಕೇಳಿದರೆ ಸೌಜನ್ಯಕ್ಕೆ ‘ಚೆನ್ನಾಗಿತ್ತು’ ಎನ್ನುತ್ತಾರೆ. ‘ಎಲ್ಲಿ ನಿಲ್ಲಿಸಿದಿರಿ?’ ಎಂದು ಕೇಳಿ. ಕಲಿಕೆಯ ಹಂತದಲ್ಲೇ ಬಿಟ್ಟಿದ್ದರೆ ಕೈಗೆ ಒಗ್ಗಲಿಲ್ಲವೆಂದು ತಿಳಿದು, ಅದೇ ರುಚಿಯ ಸರಳವಾದದ್ದನ್ನು ಹುಡುಕಬೇಕು. ಅರ್ಧದಲ್ಲಿ ಬಿಟ್ಟಿದ್ದರೆ ಬಹುಶಃ ರುಚಿಯನ್ನೇ ನಾವು ತಪ್ಪಾಗಿ ಊಹಿಸಿದ್ದೇವೆ, ಮತ್ತೆ ಮೊದಲ ಪ್ರಶ್ನೆಯಿಂದ ಶುರು. ಕೊನೆಯ ಘಟ್ಟಕ್ಕೆ ಬಂದು ಮುಗಿಸದೆ ಬಿಟ್ಟಿದ್ದರೆ, ಅದು ಮುಗಿಯುವುದು ಅವರಿಗೆ ಇಷ್ಟವಿಲ್ಲದಿರಬಹುದು. ಅಂಥವರಿಗೆ ಸದ್ಯಕ್ಕೆ ಬೇರೆ ಗೇಮಿನ ಹೆಸರು ಹೇಳಬೇಡಿ.